ಮಾತ್ರೆ ಡಬ್ಬಿ ಆಮೇಲೆ, ಮೊದಲು ಪರೀಕ್ಷೆ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನನಗೆ 63 ವರ್ಷ. ಹೋದ ವರ್ಷ ಅಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಆಪರೇಷನ್ ಆಯಿತು. ಅದಕ್ಕೆ ಹೆದರಿ ಮಗಳು ಫೋಲಿಕ್ ಆಸಿಡ್ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದಾಳೆ. ವಯಸ್ಸಾದವರು ದಿನಕ್ಕೊಂದು ನುಂಗಿದರೆ ಕ್ಯಾನ್ಸರ್ ಬರಲ್ಲವಂತೆ. ನುಂಗಲಾ, ಬೇಡವಾ?’

ನಮಸ್ಕಾರ ಅಮ್ಮ,

ನಿಮ್ಮ ಅಣ್ಣನವರು ಚೆನ್ನಾಗಿ ಚೇತರಿಸಿಕೊಳ್ಳಲಿ. ಕ್ಯಾನ್ಸರ್ ತಡೆಯೋದಕ್ಕೆ ಅಂತ ಆ ಮಾತ್ರೆ ಬೇಕಾಗಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋಲಿಕ್ ಆಸಿಡ್ ಅಂದರೆ ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ವಿಟಮಿನ್ನಿನ ಮಾತ್ರೆ ರೂಪ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಎಲೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದಲೇ ಹೆಸರಿಟ್ಟರು. ದೊಡ್ಡ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಪ್ರತಿ ಹೊಸ ಕೋಶಕ್ಕೂ ಡಿಎನ್‌ಎಯ ನಕಲು ಬೇಕು. ಫೋಲೇಟ್ ಸಾಲದೆ ಹೋದರೆ ಆ ನಕಲಿನಲ್ಲಿ ತಪ್ಪಾಗುತ್ತದೆ, ಡಿಎನ್‌ಎಯ ಎಳೆ ತುಂಡಾಗುತ್ತದೆ. ಊಟದಲ್ಲಿ ಫೋಲೇಟ್ ಚೆನ್ನಾಗಿರುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾದರೆ ಮಾತ್ರೆಯೂ ಒಳ್ಳೇದೇ ಅಲ್ವಾ?

ಇಲ್ಲೇ ವಯಸ್ಸಿನ ಮಾತು ಬರುತ್ತದೆ. ವರ್ಷ ಕಳೆದ ಹಾಗೆ ನಕಲಿನ ತಪ್ಪುಗಳು ಒಂದರ ಮೇಲೊಂದು ಸೇರುತ್ತವೆ. 60 ದಾಟಿದ ಎಷ್ಟೋ ಜನರ ಕರುಳಿನಲ್ಲಿ ಪಾಲಿಪ್ ಅನ್ನುವ ಪುಟ್ಟ ಗಂಟುಗಳಿರುತ್ತವೆ. ನೋವಿಲ್ಲ, ಗೊತ್ತೇ ಆಗಲ್ಲ. ಹೆಚ್ಚಿನವು ಸುಮ್ನೆ ಇದ್ದುಬಿಡುತ್ತವೆ, ಕೆಲವು ಹತ್ತು ವರ್ಷವೋ ಇನ್ನೂ ಜಾಸ್ತಿಯೋ ತೆಗೆದುಕೊಂಡು ಕ್ಯಾನ್ಸರ್ ಆಗುತ್ತವೆ. ಆ ಗಂಟಿನ ಕೋಶಗಳು ಬೆಳೆಯೋಕೂ ಫೋಲೇಟೇ ಬೇಕು! ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಕೆಲಸ ಮಾಡುವುದೇ ಕೋಶಗಳಿಗೆ ಫೋಲೇಟ್ ದಕ್ಕದ ಹಾಗೆ ಮಾಡಿ.

ಫೋಲಿಕ್ ಆಸಿಡ್ ಮಾತ್ರೆಯನ್ನು ಜನರ ಮೇಲೇ ಪರೀಕ್ಷಿಸಿ ನೋಡಿದ್ದಾರೆ. ಪಾಲಿಪ್ ತೆಗೆಸಿಕೊಂಡಿದ್ದ 1,021 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಾ 1 ಮಿಲಿಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. 2007ರಲ್ಲಿ ಫಲಿತಾಂಶ ಬಂತು. ಹೊಸ ಗಂಟುಗಳು ಕಡಿಮೆಯಾಗಲಿಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಗಂಟು ಎದ್ದವರು ಫೋಲಿಕ್ ಆಸಿಡ್ ನುಂಗಿದವರಲ್ಲೇ ಜಾಸ್ತಿ ಸಿಕ್ಕರು. ಹಾಗಂತ ಗಾಬರಿ ಬೇಡ. 2013ರಲ್ಲಿ 13 ಪ್ರಯೋಗಗಳ ಸುಮಾರು 50,000 ಜನರ ಲೆಕ್ಕ ಸೇರಿಸಿ ನೋಡಿದಾಗ ಕ್ಯಾನ್ಸರ್ ಹೆಚ್ಚಿದ್ದೂ ಕಾಣಲಿಲ್ಲ, ಕಡಿಮೆಯಾಗಿದ್ದೂ ಕಾಣಲಿಲ್ಲ. ವಿಟಮಿನ್ ಸಿ, ಇ ಮಾತ್ರೆಗಳಿಂದಲೂ ಪಾಲಿಪ್ ತಡೆಯೋಕೆ ಆಗಲಿಲ್ಲ.

ಸೊಪ್ಪು ಮಾತ್ರ ಬಿಡಬೇಡಿ. ಫೋಲೇಟ್ ಜೊತೆಗೆ ಕರುಳಿಗೆ ಬೇಕಾದ ನಾರೂ ಅದರಲ್ಲಿದೆ. ಫೋಲೇಟ್ ನೀರಿಗೆ ಬಿಟ್ಟುಕೊಳ್ಳುವ ವಿಟಮಿನ್. ಬೇಯಿಸಿದ ನೀರು ಚೆಲ್ಲಿದರೆ ಅದೂ ಮೋರಿ ಪಾಲು. ನೀವು ಬಸ್ಸಾರು ಮಾಡುವಾಗ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನೇ ಸಾರಿಗೆ ಹಾಕುತ್ತೀರಲ್ಲ, ಆ ಹಸಿರು ನೀರಿನಲ್ಲಿ ಅದು ಉಳಿದಿರುತ್ತದೆ.

ಡಾಕ್ಟರು ರಕ್ತಹೀನತೆಗೆ ಅಂತ ಇದೇ ಮಾತ್ರೆ ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ. ಬಿ12 ಎಂಬ ಇನ್ನೊಂದು ವಿಟಮಿನ್ನಿನ ಪರೀಕ್ಷೆಯನ್ನೂ ಕೇಳಿ. ವಯಸ್ಸಾದಂತೆ ದೇಹ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಫೋಲಿಕ್ ಆಸಿಡ್ ಒಂದನ್ನೇ ನುಂಗಿದರೆ ಆ ಕೊರತೆ ರಕ್ತದಲ್ಲಿ ಮರೆಯಾಗಿ, ನರಗಳಿಗೆ ಏಟು ಬೀಳುತ್ತಲೇ ಇರುತ್ತದೆ.

ನನ್ನನ್ನು ನಿಜಕ್ಕೂ ಕಾಡಿದ್ದು ನಿಮ್ಮ ಪತ್ರದ ಇನ್ನೊಂದು ಮಾತು, ಅಣ್ಣನಿಗೆ ಬಂದಿದೆ ಅನ್ನುವುದು. ಒಡಹುಟ್ಟಿದವರಿಗೆ ಬಂದಿದ್ದರೆ ನಿಮಗೂ ಅಪಾಯ ಜಾಸ್ತಿ. ಇದುವರೆಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಲ್ಲವಾದರೆ ಈ ತಿಂಗಳೇ ಡಾಕ್ಟರ ಹತ್ತಿರ ಹೋಗಿ ಮಾತಾಡಿ. ಗಂಟು ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆದುಬಿಡುತ್ತಾರೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಅಂತ ದಿನ ತಳ್ಳಬೇಡಿ. ಅಣ್ಣನ ಮಕ್ಕಳಿಗೂ ತಿಳಿಸಿ. ಅವರು 40ಕ್ಕೆ, ಇಲ್ಲವೇ ಅಪ್ಪನಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಪರೀಕ್ಷೆ ಮಾಡಿಸಿಕೊಳ್ಳಬೇಕು.

— ಸಂ.