ಪ್ರತಿಕ್ರಿಯೆ: ಜನ ಬಿಟ್ಟುಹೋದ ಮೇಲೆ ಸೇಂಟ್ ಕಿಲ್ಡಾದ ಪ್ರಾಣಿಗಳ ಕಥೆ

ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಸಮೂಹವನ್ನು 1930ರಲ್ಲಿ ಜನ ತೊರೆದ ಮೇಲೆ ಅಲ್ಲಿನ ಪ್ರಾಣಿಪಕ್ಷಿಗಳಿಗೆ ಒಳ್ಳೆಯದೇ ಆಗಿರಬೇಕಲ್ಲವೇ ಎಂದು ಕೇಳಿದ್ದೀರಿ. ಎಲ್ಲಕ್ಕೂ ಅಲ್ಲ.

ಆ ವರ್ಷದ ಆಗಸ್ಟ್ 29ರಂದು ಅಲ್ಲಿನ ಹಿರ್ಟಾ ದ್ವೀಪದ ಕೊನೆಯ 36 ಮಂದಿ ಹಡಗು ಹತ್ತಿದರು. ದನ, ಕುರಿಗಳನ್ನು ಮೊದಲೇ ಸಾಗಿಸಲಾಗಿತ್ತು. ನಾಯಿಗಳನ್ನು ಮಾತ್ರ ಕಲ್ಲು ಕಟ್ಟಿ ಕಡಲಿಗೆ ಹಾಕಿದರು. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಮನೆಗಳಲ್ಲಿದ್ದ ಇಲಿಯ ವಿಶಿಷ್ಟ ಬಗೆಯೊಂದು ಕೆಲವೇ ವರ್ಷಗಳಲ್ಲಿ ಅಳಿದುಹೋಯಿತು. ಒಲೆಯ ಬಿಸಿ, ಕಾಳುಕಡ್ಡಿ ಇಲ್ಲದೆ ಅದಕ್ಕೆ ಬದುಕಿಲ್ಲ. ಬಯಲಿನಲ್ಲಿದ್ದ ಬೇರೆ ಜಾತಿಯ ಇಲಿ ಉಳಿಯಿತು, ಮುಖ್ಯಭೂಮಿಯ ಬಯಲಿಲಿಗಿಂತ ದೊಡ್ಡದಾಗಿ ಇಂದಿಗೂ ಇದೆ. ದ್ವೀಪಕ್ಕೇ ಸೇರಿದ ರೆನ್ ಎಂಬ ಪುಟ್ಟ ಹಕ್ಕಿಯೂ ಉಳಿದಿದೆ, ಕಲ್ಲುಗೋಡೆಗಳ ಸಂದುಗಳಲ್ಲಿ ಗೂಡು ಕಟ್ಟುತ್ತದೆ.

ಕಡಲಹಕ್ಕಿಗಳ ಮಾತು ಬೇರೆ, ಜನ ಹೋದ ಮೇಲೆ ಅವರ ಬೇಟೆ ನಿಂತಿತು. ಗ್ಯಾನೆಟ್, ಫುಲ್ಮರ್, ಪಫಿನ್‌ಗಳೇ ಆ ಜನರ ಊಟ. ಫುಲ್ಮರ್ ಎಣ್ಣೆಯಿಂದ ದೀಪ, ಗರಿಗಳಿಂದ ಗೇಣಿ. ಹಗ್ಗ ಹಿಡಿದು ಕಡಿದಾದ ಬಂಡೆಗಳಲ್ಲಿ ಇಳಿಯುತ್ತಿದ್ದರು. ಅಂದಿನ ಕೆಲಸವೇನೆಂದು ಗಂಡಸರು ಬೆಳಿಗ್ಗೆ ಬೀದಿಯಲ್ಲೇ ಸೇರಿ ತೀರ್ಮಾನಿಸುತ್ತಿದ್ದರು. ಅದನ್ನು ಹೊರಗಿನವರು ‘ಸಂಸತ್ತು’ ಎಂದೇ ಕರೆದರು. ಹಕ್ಕಿಮಾಂಸವನ್ನು ಗಾಳಿಗೆ ಒಣಗಿಸಿಡಲು ಕಟ್ಟಿದ ಕಲ್ಲುಗೂಡುಗಳು, ಕ್ಲೀಟ್‌ಗಳು, ಹಿರ್ಟಾದಲ್ಲೇ ಸಾವಿರಕ್ಕೂ ಹೆಚ್ಚಿವೆ.

1932ರಲ್ಲಿ ಪಕ್ಕದ ಸೋಯ್ ದ್ವೀಪದಿಂದ 107 ಕಾಡುಕುರಿಗಳನ್ನು ಹಿರ್ಟಾಕ್ಕೆ ತಂದು ಬಿಟ್ಟರು. ಅವುಗಳ ಸಂತತಿಯನ್ನು 1985ರಿಂದ ವಿಜ್ಞಾನಿಗಳು ಎಡೆಬಿಡದೆ ಗಮನಿಸುತ್ತಿದ್ದಾರೆ. ಮಳೆಗಾಳಿ ಬಂದಾಗ ಆ ಕುರಿಗಳು ಹಳೆಯ ಕ್ಲೀಟ್‌ಗಳೊಳಗೇ ಹೋಗಿ ಮಲಗುತ್ತವೆ.