ಮನೆಯಲ್ಲಿ ತೆಗೆದಿಟ್ಟ ಬೀಜಕ್ಕೆ ಚೆಂಡು ಹೂ ಯಾಕೆ ಬೋಳಾಗುತ್ತದೆ?

ನೀವು ಕೇಳಿದ್ದು: ಅಂಗಡಿ ಬೀಜಕ್ಕೆ ಚೆಂಡು ಹೂ ದುಂಡಗೆ ಬಂತು, ಅದರದೇ ಬೀಜ ತೆಗೆದಿಟ್ಟು ಹಾಕಿದರೆ ಕೆಲವು ಗಿಡದಲ್ಲಿ ಎಸಳೇ ಇಲ್ಲ. ಇದು ರೋಗವೇ? ಮೂಲದಲ್ಲಿ ಇದು ಕಾಡು ಹೂ ಅನ್ನುವುದು ನಿಜವೇ?

ರೋಗ ಅಲ್ಲ. ಔಷಧ ಹೊಡೆದು ದುಡ್ಡು ಕಳೆಯಬೇಡಿ, ನಾನು ಕಳೆದಿದ್ದೇನೆ. ಆಳಂದದ ಕಡೆ ನಮ್ಮದು ಎರಿ ಹೊಲ. ತೊಗರಿ ಪಕ್ಕ ಬಾವಿ ನೀರು ಹರಿಯುವ ಅರ್ಧ ಎಕರೆಯಲ್ಲಿ ಮಹಾನವಮಿ, ದೀಪಾವಳಿಗೆಂದು ಚೆಂಡು ಹೂ ಹಾಕುತ್ತೇವೆ. ಎರಡನೇ ವರ್ಷ ನಮಗೂ ಹೀಗೇ ಆಯಿತು. ನಾಲ್ಕು ಗಿಡಕ್ಕೊಂದು ಬೋಳು. ಹಸಿರು ಬಟ್ಟಲಿನಿಂದ ದಾರದಂಥ ಎಳೆಗಳು ಹೊರಗೆ ಇಣುಕುತ್ತಿದ್ದವು, ಅಷ್ಟೇ. ಮಾಲೆ ಕಟ್ಟುವವರು ಅದನ್ನು ಮುಟ್ಟಲೂ ಇಲ್ಲ.

ಒಂದು ಒಳ್ಳೆ ಹೂ ಕಿತ್ತು ಬಿಡಿಸಿ ನೋಡ್ರಿ. ನಾವು ಎಸಳು ಅನ್ನುವುದು ಒಂದೊಂದೂ ಪೂರ್ತಿ ಹೂವೇ, ಬುಡದಲ್ಲಿ ಬೀಜವಾಗುವ ಸಣ್ಣ ಕಡ್ಡಿ ಅಂಟಿಕೊಂಡಿರುತ್ತದೆ. ಮೆಕ್ಸಿಕೋದ ಕಾಡು ಗಿಡದಲ್ಲಿ ಅಂಚಿಗೆ ಇಂಥ ಐದಾರು ಎಸಳು, ನಡುವೆ ಪರಾಗವಿರುವ ಕೊಳವೆ ಹೂಗಳ ಗುಂಪು. ಸೂರ್ಯಕಾಂತಿಯ ನಮೂನೆ. ಕೆಲವು ಗಿಡಗಳಲ್ಲಿ ನಡುವಿನ ಕೊಳವೆಗಳೂ ಎಸಳಾಗಿ ಚಾಚಿದವು. ಕಂಡವರು ಅಂಥ ಗಿಡದ ಬೀಜವನ್ನೇ ಆರಿಸಿಟ್ಟರು. ಅಲ್ಲಿನ ನಹುವಾತ್ಲ್ ಭಾಷೆಯಲ್ಲಿ ಇದರ ಹೆಸರಿಗೆ ‘ಇಪ್ಪತ್ತು ಹೂ’ ಎಂದರ್ಥ. ಆ ಹೆಸರು ನನಗೆ ಬಹಳ ಹಿಡಿಸಿದೆ. ಸತ್ತ ಹಿರಿಯರನ್ನು ನೆನೆಯುವ ನವೆಂಬರ್ ಹಬ್ಬಕ್ಕೆ ಅವರಿಗೆ ಇದೇ ಹೂ ಬೇಕು. ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಪುಸ್ತಕಗಳಲ್ಲಿ ‘ಆಫ್ರಿಕನ್’ ಅಂತ ಬರೆದಿದ್ದರೂ ಆಫ್ರಿಕಾ ಇದರ ತವರಲ್ಲ.

ಅಮೆರಿಕದ ಬೀಜ ವ್ಯಾಪಾರಿ ಡೇವಿಡ್ ಬರ್ಪಿ ಈ ಹೂವಿಗೆ ಇಡೀ ಜೀವನ ಕೊಟ್ಟವರು. ಅಪ್ಪಟ ಬಿಳಿ ಚೆಂಡು ಹೂ ತಂದವರಿಗೆ 10,000 ಡಾಲರ್ ಬಹುಮಾನ ಎಂದು ಅವರ ಕಂಪನಿ 1954ರಲ್ಲಿ ಸಾರಿತು. 1975ರಲ್ಲಿ ಅದನ್ನು ಪಡೆದದ್ದು ಅಯೋವಾ ರಾಜ್ಯದ ಆಲಿಸ್ ವಾಂಕ್. ದೊಡ್ಡ ಪ್ರಯೋಗಾಲಯವಲ್ಲ, ಮನೆ ತೋಟದಲ್ಲಿ ವರ್ಷ ವರ್ಷ ತೀರ ತಿಳಿ ಬಣ್ಣದ ಹೂವಿನ ಬೀಜ ಆರಿಸುತ್ತ ಬಂದ ಹೆಣ್ಣುಮಗಳು.

ಈಗ ನಿಮ್ಮ ಬೋಳು ಗಿಡದ ಮಾತು. ನೀವು ಅಂಗಡಿಯಿಂದ ತಂದದ್ದು ಹೈಬ್ರಿಡ್, ಅಂದರೆ ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ. ಅದನ್ನು ಮಾಡಬೇಕಾದರೆ ತಾಯಿ ಗಿಡದಲ್ಲಿ ಪರಾಗ ಇರಬಾರದು, ಇದ್ದರೆ ತನ್ನದೇ ಪರಾಗದಿಂದ ಬೀಜ ಕಟ್ಟಿಬಿಡುತ್ತದೆ. ಒಂದೇ ಚೆಂಡಿನೊಳಗೆ ಅಷ್ಟೊಂದು ಸಣ್ಣ ಹೂ ಇರುವಾಗ ಕೈಯಿಂದ ಪರಾಗ ತೆಗೆಯುವುದು ಆಗದ ಕೆಲಸ. ಅದಕ್ಕೇ ಅನೇಕ ಹೈಬ್ರಿಡ್‌ಗಳಿಗೆ ಎಸಳೂ ಪರಾಗವೂ ಇಲ್ಲದ ಬೋಳು ಗಿಡವನ್ನೇ ತಾಯಿಯಾಗಿ ಇಟ್ಟುಕೊಳ್ಳುತ್ತಾರೆ. ಅಂಗಡಿಯಿಂದ ತಂದ ಆ ದುಂಡು ಹೂವಿನ ತಾಯಿ ಬೋಳಿತ್ತು! ಆ ಗುಣ ಮಕ್ಕಳಲ್ಲಿ ಅಡಗಿರುತ್ತದೆ, ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಹೊರಬೀಳುತ್ತದೆ. ನಿಮ್ಮ ಹೊಲದಲ್ಲಿದ್ದ ಗಿಡಗಳೆಲ್ಲ ಅಂಥ ಮಕ್ಕಳೇ. ಅವುಗಳ ನಡುವೆಯೇ ಜೇನು ಓಡಾಡಿ ಕಟ್ಟಿದ ಬೀಜದಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಬೋಳು ಹುಟ್ಟುತ್ತದೆ.

ಬೀಜ ಇಟ್ಟುಕೊಳ್ಳುವ ಮನಸ್ಸಿದ್ದರೆ ಹೈಬ್ರಿಡ್ ಬಿಡಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1995ರಲ್ಲಿ ಕೊಟ್ಟ ಪೂಸಾ ನಾರಂಗಿ ಗೇಂದಾ, ಪೂಸಾ ಬಸಂತಿ ಗೇಂದಾ ಹಾಕಿ. ಮೊದಲನೆಯದು ಕಿತ್ತಳೆ, ಎರಡನೆಯದು ಹಳದಿ. ಪಕ್ಕದಲ್ಲೇ ಬೇರೆ ತಳಿ ಇದ್ದರೆ ಜೇನು ಬೆರಕೆ ಮಾಡುತ್ತವೆ, ದೂರ ಇಡಿ. ಎಸಳು ಕಡಿಮೆ ಇರುವ ಗಿಡವನ್ನು ಕಂಡ ಕೂಡಲೇ ಕಿತ್ತು ಹಾಕಿ. ಚೆನ್ನಾಗಿ ತುಂಬಿದ ಹೂವಿನ ಗಿಡಕ್ಕೆ ಕೆಂಪು ದಾರ ಕಟ್ಟಿ, ಆ ಗಿಡದ ಹೂ ಹಬ್ಬಕ್ಕೂ ಕೀಳಬೇಡಿ. ಗಿಡದ ಮೇಲೇ ಒಣಗಿ ಬಟ್ಟಲು ಕಂದಾದಾಗ ಬಿಡಿಸಿ ನೆರಳಲ್ಲಿ ಆರಿಸಿರಿ. ಕಪ್ಪಗೆ ಗಟ್ಟಿಯಿರುವ ಕಡ್ಡಿಯೇ ಬೀಜ, ಬಿಳಿಚಿಕೊಂಡದ್ದು ಜೊಳ್ಳು.