ಬಾರ್ಕ್ಲಿಯನ್ನು ತಡೆದರೆ ಸಾಕಾ?

ಇದು 2025ರ ಫೆಬ್ರವರಿ 9ರ ಪಂದ್ಯಕ್ಕೆ ಮುಂಚೆ ಬರೆದ ಉತ್ತರ. ಈಗಲ್ಸ್ ಮತ್ತು ಚೀಫ್ಸ್ ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಚೆಂಡು ಹಿಡಿದು ಓಡುವ ಈಗಲ್ಸ್ ಆಟಗಾರ ಬಾರ್ಕ್ಲಿಯನ್ನು ತಡೆದರೆ ಸಾಕು, ಚೀಫ್ಸ್ ಸತತ ಮೂರನೇ ಸಲ ಗೆದ್ದ ಹಾಗೇ ಅಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಈ ಸೀಸನ್‌ನಲ್ಲಿ 2,005 ಯಾರ್ಡ್ ಓಡಿದವನನ್ನು ತಡೆಯುವುದೇ ಕಷ್ಟ, ಅದಿರಲಿ. ಎಲ್ಲರೂ ಅವನ ಹಿಂದೆ ಬಿದ್ದರೆ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವರು) ಹರ್ಟ್ಸ್‌ಗೆ, ಪಾಸ್ ಹಿಡಿಯುವ ಎ.ಜೆ. ಬ್ರೌನ್ ಕಡೆ ಎಸೆಯಲು ಜಾಗ ಸಿಗುತ್ತದೆ. 2023ರಲ್ಲಿ ಇದೇ ಚೀಫ್ಸ್ ಎದುರು ಈಗಲ್ಸ್ 38-35ರಲ್ಲಿ ಸೋತಾಗಲೂ ಹರ್ಟ್ಸ್ ತಾನೇ ಓಡಿ 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಮಾಡಿದ್ದರು.

ನನ್ನ ಕಣ್ಣು ಬೇರೆ ಕಡೆ ಇದೆ. ಚೀಫ್ಸ್‌ನ ಎಡ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ಗೆ ಎಡ ಅಂಚಿನಲ್ಲಿ ರಕ್ಷಣೆ ಕೊಡುವವನು) ಜಾಗದಲ್ಲಿ ಈಗ ಜೋ ಥೂನಿ ಆಡುತ್ತಿದ್ದಾರೆ. ಅವರು ಅಸಲಿಗೆ ಗಾರ್ಡ್, ಅಂದರೆ ಟ್ಯಾಕಲ್‌ನ ಒಳಬದಿಯಲ್ಲಿ ನಿಲ್ಲುವವರು. ಈಗಲ್ಸ್ ಡಿಫೆನ್ಸ್ ನಡೆಸುವ ವಿಕ್ ಫ್ಯಾಂಜಿಯೊಗೆ ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನರನ್ನು ನುಗ್ಗಿಸುವುದು) ಹುಚ್ಚು ಇಲ್ಲ. ಮುಂದಿನ ನಾಲ್ಕು ಜನರೇ ಒತ್ತಡ ಹಾಕಿದರೆ ಪಾಸ್ ಕಾಯಲು ಹಿಂದೆ ಏಳು ಜನ ಉಳಿಯುತ್ತಾರೆ. ಆಗ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಕೂಡ ಒದ್ದಾಡಬೇಕಾಗುತ್ತದೆ.

ನನ್ನ ಓಟು ಈಗಲ್ಸ್‌ಗೆ. ಆದರೆ ಕೊನೆಯ ಎರಡು ನಿಮಿಷದಲ್ಲಿ ಚೆಂಡು ಮಹೋಮ್ಸ್ ಕೈಯಲ್ಲಿದ್ದು, ಅಂತರ ಮೂರೇ ಪಾಯಿಂಟ್ ಇದ್ದರೆ ನನ್ನ ಲೆಕ್ಕ ಮರೆತುಬಿಡಿ!